ನನ್ನ ನಡಿಗೆಯನ್ನು ವಾದಿಸಿದ ವಕೀಲರು

ಪರವಾನಗಿ ಕಿತ್ತುಕೊಳ್ಳಬಹುದಿತ್ತು. ಮೋಟಾರಿನಲ್ಲಿ ಬಾರಾಮತಿಯವರೆಗೆ ಸುತ್ತಿ ಔಷಧಿ ಮಾರುವ ನನ್ನ ಕೆಲಸ ಹೋಗಬಹುದಿತ್ತು. ಜೈಲಾಗಬಹುದಿತ್ತು, ಜೈಲಿನಲ್ಲಿ ನೆಗಡಿಯೂ ಆಗಬಹುದಿತ್ತು. ಹಲ್ಲುನೋವಿಗೆಂದು ಬ್ರಾಂದಿ ಕುಡಿದು ಪುಣೆಯ ರಸ್ತೆಗಿಳಿದ ನನ್ನನ್ನು ಪೊಲೀಸನೊಬ್ಬ ಹಿಡಿದಿದ್ದ. ಗಾಡಿಯಿಂದ ಇಳಿಸಿದಾಗ ತೂರಾಡಿದೆನೆಂಬುದು ಅವನ ದೂರು.

ತಪ್ಪೊಪ್ಪಿಕೊಂಡು ಮುಗಿಸೋಣವೆಂದು ಹೊರಟಿದ್ದೆ. ಶಿವಾಜಿನಗರದ ಕೋರ್ಟಿನ ಮೆಟ್ಟಿಲಲ್ಲೇ ನಮ್ಮ ಧಾರವಾಡದ ಕಡೆಯ ವಕೀಲರೊಬ್ಬರು ತಡೆದರು. ಧೋತರದ ಚುಂಗಿನಿಂದ ಕನ್ನಡಕ ಒರೆಸದೆ ಅವರು ಬಾಯಿ ತೆರೆಯುತ್ತಿರಲಿಲ್ಲ.

“ಗಡಬಡ ಮಾಡಬ್ಯಾಡ್ರಿ. ಎಷ್ಟ ಕುಡಿದಿದ್ರಿ?”

“ಎರಡು ಗುಟುಕ್ರಿ. ಮೂರೂ ಇರಬಹುದು. ಹೋದ ವರ್ಷ ಒಮ್ಮೆ...”

“ಹೋದ ವರ್ಷದ್ದು ಯಾರು ಕೇಳ್ಯಾರ್ರೀ? ಗಡಬಡ ಮಾಡಬ್ಯಾಡ್ರಿ.”

ಸಾಕ್ಷಿಯಲ್ಲಿ ಗಟ್ಟಿಯಾಗಿದ್ದದ್ದು ನನ್ನ ತೂರಾಟವೊಂದೇ. ವಕೀಲರು ಎದ್ದು, ಕನ್ನಡಕ ಒರೆಸಿ, ನನ್ನನ್ನು ಅಲ್ಲೇ ನಡೆಸಿ ನೋಡಬೇಕೆಂದು ಮ್ಯಾಜಿಸ್ಟ್ರೇಟರನ್ನು ಕೇಳಿಕೊಂಡರು. ಬೆಳಗಿನಿಂದ ನೀರು ಬಿಟ್ಟು ಏನೂ ಕುಡಿಯದ ನಾನು, ಎಲ್ಲರ ಕಣ್ಣು ಬಿದ್ದದ್ದೇ ತಡ, ಒಣಹಾಕಿದ ಧೋತರದಂತೆ ಓಲಾಡುತ್ತ ಹೋಗಿ ಕಟಕಟೆಗೆ ಢಿಕ್ಕಿ ಹೊಡೆದೆ. ಮ್ಯಾಜಿಸ್ಟ್ರೇಟರು ನಕ್ಕುಬಿಟ್ಟರು. ಈ ಮನುಷ್ಯನಲ್ಲಿ ಹೆದರಿಕೆ ಯಾವುದು, ಅಮಲು ಯಾವುದು ಹೇಳಲಾಗದೆಂದು ಬಿಡುಗಡೆ ಮಾಡಿದರು. ನಾನೊಬ್ಬನೇ ನಿಂತಿದ್ದರೆ ಹೋದ ವರ್ಷದ್ದನ್ನೂ ಸೇರಿಸಿ ಹೇಳಿ ಬರುತ್ತಿದ್ದೆ.

ಹೊರಗೆ ಬಂದಾಗ ಎಷ್ಟೋ ದಿನಗಳ ಮೇಲೆ ಪೂರಾ ಉಸಿರೆಳೆದುಕೊಂಡೆ. ಮೋಟಾರಿನ ಬಾಗಿಲು ತೆರೆದು, “ಬರ್ರಿ ವಕೀಲ್ರ, ಮನಿತನಾ ಬಿಡ್ತೀನಿ” ಎಂದೆ. ಎಡವಟ್ಟಾದದ್ದು ಅಲ್ಲಿ ಮಾತ್ರ. ಅವರು ಮೋಟಾರನ್ನು ನೋಡಿದರು, ನನ್ನ ಕಾಲುಗಳನ್ನು ನೋಡಿದರು.

“ಬ್ಯಾಡ್ರಿ,” ಎಂದರು, “ನಾ ಟಾಂಗಾದಾಗ ಹೋಗ್ತೀನಿ.”