ಕ್ಯಾಮೆರಾ ನೋಡುವ ಮಾವ

ಕ್ಯಾಮೆರಾ ಕೈಗೆ ಕೊಟ್ಟರೆ ಮುನಿಯಪ್ಪ ಮಾವ ಮೊದಲು ಅದನ್ನು ಮೂಸುತ್ತಿದ್ದ. ಸಂತೆಯಲ್ಲಿ ಒಣಮೀನು ಕೊಳ್ಳುವವರೂ ಅಷ್ಟು ಮೂಸುವುದಿಲ್ಲ. ಆಮೇಲೆ ಕಿವಿಗೆ ಹಿಡಿದು ಅಲ್ಲಾಡಿಸಿ, ಕಣ್ಣಿಗೆ ಹಿಡಿದು, ಎದುರಿನ ತೆಂಗಿನಮರದ ತುದಿಗೆ ಗುರಿಯಿಟ್ಟು, ತುಟಿ ಸೊಟ್ಟ ಮಾಡಿ, "ಸರಿ ವರಾದು" ಅನ್ನುತ್ತಿದ್ದ. ಆಗದು ಅನ್ನುವುದಕ್ಕೆ ಅವನಿಗೆ ಕನ್ನಡ ಸಾಲುತ್ತಿರಲಿಲ್ಲ, ತಮಿಳೇ ಬೇಕು. ಅಮ್ಮನ ಸ್ವಂತ ಅಣ್ಣ. ಹಿರಿಯರನ್ನು ಏಕವಚನದಲ್ಲಿ ಅನ್ನಬಾರದು, ಗೊತ್ತು. ಆದರೆ ಈ ಮನುಷ್ಯನಿಗೆ ಬಹುವಚನ ಹಚ್ಚಲು ನನಗೆ ನಾಲಿಗೆ ಹೊರಳುವುದಿಲ್ಲ.

ಧರ್ಮಪುರಿಯ ಯಾವುದೋ ಸ್ಟುಡಿಯೋದಲ್ಲಿ ಒಂದಷ್ಟು ಕಾಲ ಫೋಟೋಗಳಿಗೆ ಕಟ್ಟು ಹಾಕುವ ಕೆಲಸ ಮಾಡಿದ್ದನಂತೆ. ಅಷ್ಟೇ ಬಂಡವಾಳ. ಅದರ ಮೇಲೆ ನೆಂಟರಿಷ್ಟರಿಗೆಲ್ಲ ಕ್ಯಾಮೆರಾ ಪಂಡಿತನಾಗಿಬಿಟ್ಟ. ಹೆಣ್ಣು ನೋಡಲು ಹೋದಲ್ಲೂ ಇದೇ ಚಾಳಿ: ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹುಡುಗಿಯಲ್ಲಿ ಒಂದು ಕೊಂಕು ತೆಗೆದು ಎದ್ದು ಬರುವುದು. ಹಾಗೇ ನೋಡಿ ನೋಡಿ ಮದುವೆಯೇ ಆಗದೆ ತಮ್ಮನ ಮನೆಯ ಜಗಲಿ ಸೇರಿದ್ದ. ಅವನ ಫೋಟೋ ತೆಗೆಯಲು ಯಾರಾದರೂ ಹೋದರೆ ಕೈ ಅಡ್ಡ ಹಿಡಿಯುತ್ತಿದ್ದ. "ನನ್ ಮಖಕ್ಕೆ ತಕ್ಕ ಕ್ಯಾಮೆರಾ ಇನ್ನಾ ಉಟ್ಟಿಲ್ಲ ಕಣವ್ವ." ಅಬ್ಬಾ, ಆ ಜಂಬ!

ತೊಂಬತ್ತರ ದಶಕದ ನಡುವೆ, ಸೇಲಂನ ನಮ್ಮ ಬೀದಿಯಲ್ಲಿ ಕೈಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಮಗ್ಗ ತುಳಿದು ತುಳಿದು ಅಪ್ಪನ ಮಂಡಿಯೂ ಸೋತಿತ್ತು. "ಈ ಆಸು ಮುಗುದ್ರೆ ಮಗ್ಗ ಬಿಚ್ಚಾಕಿ ಕಾಲಿಡೋ ಗುಂಡಿ ಮುಚ್ಬುಡ್ತೀನಿ" ಅಂದರು. ಹಾಸು ಅಂದರೆ ಮಗ್ಗಕ್ಕೆ ಏರಿಸಿದ ಉದ್ದನೆಯ ನೂಲು. ನೇಯ್ದಂತೆಲ್ಲ ಮುಗಿಯುತ್ತಾ ಬರುತ್ತದೆ. ಮಗ್ಗದಲ್ಲಿ ಕೂತ ಅಪ್ಪನ ಒಂದೇ ಒಂದು ಫೋಟೋ ನನಗೆ ಬೇಕಿತ್ತು. ಸ್ಟುಡಿಯೋದವರನ್ನು ಕರೆಯುವಂತಿಲ್ಲ. ಹಾಸು ಮಗ್ಗದ ಮೇಲಿರುವಾಗ ಹೊರಗಿನವರ ಕಣ್ಣು ಬಿದ್ದರೆ ನೂಲು ಹರಿಯುತ್ತದೆಂದು ಅಪ್ಪ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನಾನು ಆಗ ಟೈಪಿಸ್ಟ್. ಸಂಬಳದಲ್ಲಿ ಒಂದು ಹಳೆಯ ಕ್ಯಾಮೆರಾ ಕೊಂಡು ನಾನೇ ತೆಗೆಯೋಣ ಅಂದುಕೊಂಡೆ. "ಮುನಿಯಣ್ಣನ್ಗೆ ತೋರ್ಸ್ದೆ ತಗೋಬ್ಯಾಡ" ಅಂದಳು ಅಮ್ಮ. ಅಲ್ಲಿಗೆ ನಾನು ಕೆಟ್ಟೆ.

ನಾವು ನೋಡುತ್ತಿದ್ದದ್ದು ರೇಂಜ್‌ಫೈಂಡರ್ ಅನ್ನುವ ಬಗೆಯದು. ಕಿಂಡಿಯಲ್ಲಿ ಕಣ್ಣಿಟ್ಟರೆ ನಡುವೆ ಒಂದು ಹಳದಿ ಚೌಕ, ಅದರೊಳಗೆ ಎಲ್ಲವೂ ಎರಡೆರಡು. ಗಾಜಿನ ಸುತ್ತಲಿನ ಬಳೆ ತಿರುಗಿಸಿ ಎರಡನ್ನೂ ಒಂದು ಮಾಡಿ ಬಟನ್ ಒತ್ತಬೇಕು. ಮಾವ ಪ್ರತಿ ಅಂಗಡಿಯಲ್ಲೂ ಪುರಾಣ ತೆಗೆಯುತ್ತಿದ್ದ. "ಇದ್ರಾಗೆ ನೋಡೋ ಕಣ್ಣೇ ಬ್ಯಾರೆ, ಇಡಿಯೋ ಕಣ್ಣೇ ಬ್ಯಾರೆ. ತಿಳ್ಕಂಡೋನ್ಗೆ ಮಾತ್ರ ಒಗ್ಗತೈತೆ." ಅಂದರೆ ನಾವು ನೋಡುವುದು ಕಿಂಡಿಯಲ್ಲಿ, ಫೋಟೋ ಹಿಡಿಯುವುದು ಮುಂದಿನ ಗಾಜು. ಒಂದರ ಗಾಜಿನಲ್ಲಿ ಬೂಸ್ಟು ಕಂಡ. ಇನ್ನೊಂದರ ಸದ್ದು ಕೇಳಿ "ಸೀತ ಇಡ್ದೈತೆ" ಅಂದ. ಮತ್ತೊಂದರಲ್ಲಿ ಎಲ್ಲ ಸರಿಯಿತ್ತು, ಎರಡು ಬಿಂಬಗಳೂ ಚೆನ್ನಾಗಿ ಕೂಡಿದವು. ಅದರ ಚರ್ಮದ ಚೀಲ ನಾರುತ್ತದೆಂದು ಬೇಡ ಅಂದ!

"ಚೀಲ ಬಿಸಾಕಿದ್ರೆ ಆಯ್ತಲ್ಲ, ಮಾವ?"

"ನಿಂಗೇನವ್ವ ಗೊತ್ತಾಯ್ತೈತೆ? ಸರಿ ವರಾದು ಅಂದ್ರೆ ಸರಿ ವರಾದು. ನಡಿ, ಬೋಂಡ ತಿನ್ನಾನ."

ಭಾನುವಾರ ಬಂದರೆ ನನ್ನ ದುಡ್ಡಿನ ಬೋಂಡ ತಿಂದು ಬಸ್ಸು ಹತ್ತುತ್ತಿದ್ದ. ಇತ್ತ ಹಾಸು ಮುಗಿಯುತ್ತಿತ್ತು.

ಕೊನೆಯ ಸೀರೆಯ ಸೆರಗು ಮಗ್ಗದ ಮೇಲಿದ್ದ ದಿನ ಬೆಳಿಗ್ಗೆ ಹೋಗಿ, ಆ ನಾರುವ ಚೀಲದ ಕ್ಯಾಮೆರಾವನ್ನೇ ಗುಟ್ಟಾಗಿ ಕೊಂಡೆ. ಅಂಗಡಿಯವನು ಪರೀಕ್ಷೆಗೆ ಹಾಕಿದ್ದ ಫಿಲಂ ಒಳಗಿತ್ತು, ಇನ್ನೊಂದೇ ಒಂದು ಫೋಟೋ ಬರುತ್ತದೆ ಅಂದ. ಹೊಸ ಫಿಲಂ ಕೊಳ್ಳಲು ಕೈಯಲ್ಲಿ ಕಾಸು ಉಳಿದಿರಲಿಲ್ಲ. ಮನೆಗೆ ಬಂದರೆ ಮಾವ! ಕೊರಳಲ್ಲಿ ಯಾರ ಹತ್ತಿರವೋ ಎರವಲು ತಂದ ಅದೇ ಬಗೆಯ ಕ್ಯಾಮೆರಾ, ಅದರಲ್ಲಿ ಹೊಸ ಫಿಲಂ.

"ಇದು ಜಾತಿ ಕ್ಯಾಮೆರಾ ಕಣವ್ವ. ಬಾವಾ, ಕೆಮ್ಮಬ್ಯಾಡ! ಲಾಳಿ ಮ್ಯಾಲಕ್ಕೆತ್ತು!"

ಫಿಲಂ ಮುಗಿಯುವವರೆಗೂ ಟಕ್ ಟಕ್ ಅನ್ನಿಸಿದ. ನಾನು ಬಾಗಿಲ ಹತ್ತಿರ ನಿಂತು ನನ್ನ ಒಂದೇ ಫೋಟೋ ತೆಗೆದೆ. ಬಟನ್ ಒತ್ತುವುದಕ್ಕೂ ಈ ಮಹಾನುಭಾವ ಅಡ್ಡ ಬರುವುದಕ್ಕೂ ಸರಿಹೋಯಿತು. ಹೋಗಲಿ, ಅವನ ಫಿಲಂನಲ್ಲಿ ಬೇಕಾದಷ್ಟು ಇದೆಯಲ್ಲ ಅಂದುಕೊಂಡೆ. ಸಂಜೆ ಅಪ್ಪ ಸೀರೆ ಕತ್ತರಿಸಿ ಇಳಿಸಿದರು. ಮರುದಿನ ಮಗ್ಗದ ಗುಂಡಿಗೆ ಮಣ್ಣು ಬಿತ್ತು.

ಅವನ ಫಿಲಂ ತೊಳೆಸಿದರೆ ಒಂದೂ ಬಂದಿರಲಿಲ್ಲ. "ತೊಳಿಯೋ ನನ್ ಮಕ್ಳು ಕೆಡ್ಸವ್ರೆ, ಸುತ್ತ ವೇಸ್ಟು" ಅಂದ, ಬರೀ ದಂಡ ಅನ್ನುವುದಕ್ಕೂ ತಮಿಳೇ. ನನ್ನದು ಬಂದಿತ್ತು, ಕೂದಲೆಳೆಯೂ ಕಾಣುವಷ್ಟು ಚೊಕ್ಕವಾಗಿ. ಅದರ ತುಂಬ ಮಾವನೇ. ಓರೆಯಾಗಿ ನಿಂತು, ಕಣ್ಣನ್ನು ಕಿಂಡಿಗೆ ಅಂಟಿಸಿಕೊಂಡಿದ್ದಾನೆ. ಅವನ ಕ್ಯಾಮೆರಾದ ಗಾಜಿನ ಮೇಲೆ ಕರಿಯ ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇದೆ. ನೋಡೋ ಕಣ್ಣೇ ಬ್ಯಾರೆಯಂತೆ! ಅಪ್ಪ? ಮಾವನ ಮೊಣಕೈ ಕೆಳಗೆ ಲಾಳಿ ಹಿಡಿದ ಒಂದು ಕೈ, ಅಷ್ಟೇ. ಸಿಟ್ಟಿಗೆ ಅತ್ತುಬಿಟ್ಟೆ. ಫೋಟೋ ತೆಗೆದುಕೊಂಡು ಹೋಗಿ ಅವನ ಮುಖದ ಮುಂದೆ ಹಿಡಿದೆ. ತುಂಬ ಹೊತ್ತು ನೋಡಿದ. ಮೂಸಿದ ಕೂಡ.

"ನನ್ ಮಖ ಸರಿಯಾಗಿ ಬಂದಿಲ್ಲ" ಅಂದ.

ಕೆಲವು ವರ್ಷಕ್ಕೆ ಮಾವ ಸತ್ತ. ಹಾರ ಹಾಕೋಣವೆಂದು ಮನೆಯೆಲ್ಲ ಹುಡುಕಿದರೂ ಅವನದೊಂದು ಫೋಟೋ ಇಲ್ಲ. ಅವನ ತಮ್ಮ ಬಂದು ಕೇಳಿದಾಗ, ಇದ್ದ ಆ ಒಂದನ್ನೇ ದೊಡ್ಡದು ಮಾಡಿಸಿ ಕೊಟ್ಟೆ. ಧರ್ಮಪುರಿಯ ಆ ಮನೆಯಲ್ಲಿ ಮುಚ್ಚಳದ ಸಮೇತ ಕುಂಕುಮ ಇಡಿಸಿಕೊಂಡು ನೇತಾಡುತ್ತಿದ್ದಾನೆ.

ನಮ್ಮ ಮನೆಯ ಗೋಡೆಯ ಮೇಲೂ ಅದೇ ಫೋಟೋ ಇದೆ. ಮಗ್ಗ ಬಿಚ್ಚಿದ ಮೇಲೆ ಅಪ್ಪನ ಕೈಗೆ ಲಾಳಿ ಮತ್ತೆ ಬರಲೇ ಇಲ್ಲ, ಈಗ ಅಪ್ಪನೂ ಇಲ್ಲ. ಬಂದವರು ನೋಡಿ, "ಯಾರಿದು, ಕ್ಯಾಮೆರಾ ಇಡ್ಕಂಡಿರೋರು?" ಅನ್ನುತ್ತಾರೆ.

"ಅವ್ನನ್ನ ಬುಡಿ" ಅನ್ನುತ್ತೇನೆ. ಆ ಕೈಯ ಮೇಲೆ ಬೆರಳಿಟ್ಟು, "ಇವ್ರು ನಮ್ಮಪ್ಪ" ಅನ್ನುತ್ತೇನೆ.