ಎಲೆಗೆ ಅಡ್ಡ ಹಿಡಿದ ಕೈ

ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಎಪ್ಪತ್ತರ ದಶಕದ ಕೊನೆ. ನನ್ನ ಗಂಡ ತುಮಕೂರಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮಿಷನ್ ಕೂರಿಸಲು ಜಪಾನಿನಿಂದ ಬಂದಿದ್ದ ಇಂಜಿನಿಯರನ್ನು ಮನೆಗೆ ಕರೆದಿದ್ದರು. ಆತ ತನ್ನ ದೇಶದ ಬಾಟಲಿಯೊಂದನ್ನು ತರುತ್ತಾನಂತೆ, ಅದು ಯಾವ ತಿಂಡಿಗೆ ಹೊಂದುತ್ತದೆಂದು ನೋಡಬೇಕಂತೆ, ಬಗೆಬಗೆಯಾಗಿ ಮಾಡು ಎಂದು ನನಗೆ ಹುಕುಂ ಆಯಿತು. ಹೆಂಡ ಈ ಮನೆಯ ಹೊಸಿಲು ದಾಟಿದ್ದೇ ಇಲ್ಲ ಎಂದೆ. ಅಕ್ಕಿಯಿಂದ ಮಾಡಿದ್ದು, ದೋಷವಿಲ್ಲ ಎಂದರು. ಗಂಡಸರು ಶಾಸ್ತ್ರವನ್ನು ತಮಗೆ ಬೇಕಾದ ಹಾಗೆ ತಿರುಚುವುದು ನನಗೇನೂ ಹೊಸದಲ್ಲ.

ಬೆಳಗಿನಿಂದ ಒಲೆಯ ಮುಂದೆ ಬೆಂದೆ. ನಿಪ್ಪಟ್ಟು, ಬೋಂಡಾ, ಹುರುಳಿಕಾಳಿನ ಬಸ್ಸಾರು. ಅವರೆಕಾಯಿ ಕಾಲವಾದ್ದರಿಂದ ಕಾಳನ್ನು ಬರೀ ಉಪ್ಪು ಹಾಕಿ ಬೇಯಿಸಿ ಒಂದು ಬಟ್ಟಲು ಇಟ್ಟೆ. ಅದನ್ನು ನೋಡಿ ಇವರು ಮುಖ ಸಿಂಡರಿಸಿದರು.

ನಡುಮನೆಯಲ್ಲಿ ಇವರು, ಗುಬ್ಬಿಯಿಂದ ಬಂದಿದ್ದ ನಮ್ಮ ಭಾವ, ಆ ಅತಿಥಿ. ಒಂದೊಂದು ಗುಟುಕಿಗೂ ಒಂದೊಂದು ತಿಂಡಿ. ಖಾರಕ್ಕೆ ಅತಿಥಿಯ ಕಣ್ಣಲ್ಲಿ ನೀರು. ಬಸ್ಸಾರೇ ಸರಿಯಾದ ಜೋಡಿ ಎಂದು ಭಾವ ತೀರ್ಪು ಕೊಟ್ಟರು. ಅತಿಥಿ ಮಾತ್ರ ಅವರೆಕಾಳಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ. ಗುಟುಕು, ಕಾಳು, ಮತ್ತೆ ಗುಟುಕು. ಬಾಗಿಲ ಬಳಿ ನಿಂತಿದ್ದ ನನಗೆ ಆಸೆಯಾಯಿತು. ಕುಡಿಯುವ ಚಪಲವಲ್ಲ. ನಾನು ಬೇಯಿಸಿದ ಕಾಳಿಗೆ ಅದು ಹೇಗೆ ಹೊಂದಿತೆಂದು ನನ್ನ ನಾಲಿಗೆಗೂ ತಿಳಿಯಬೇಕಿತ್ತು.

ಆತ ಗಮನಿಸಿದನೇನೋ. ಪುಟ್ಟ ಪಿಂಗಾಣಿ ಲೋಟ ತುಂಬಿ, ಎದ್ದು ಬಂದು, ಎರಡೂ ಕೈಯಲ್ಲಿ ನನ್ನತ್ತ ಹಿಡಿದು "ಸಾಕೆ" ಎಂದ. ಅಯ್ಯೋ, ಕನ್ನಡ ಕಲಿತಿದ್ದಾನೆ, ಸಾಕಾ ಎಂದು ಕೇಳುತ್ತಿದ್ದಾನೆ ಅಂದುಕೊಂಡೆ. ಬಡಿಸುವಾಗ ದಿನಾ ಎಲ್ಲರನ್ನೂ ನಾನು ಕೇಳುವ ಮಾತು. ಪಂಕ್ತಿಯಲ್ಲಿ ಎಲೆಗೆ ಅಡ್ಡ ಹಿಡಿಯುವ ಹಾಗೆ ಕೈ ಹಿಡಿದು ಸಾಕು ಎಂದುಬಿಟ್ಟೆ, ರುಚಿ ನೋಡುವ ಮೊದಲೇ. ಆತ ತಲೆಬಾಗಿ ಲೋಟವನ್ನು ಹಿಂದಕ್ಕೆ ತೆಗೆದುಕೊಂಡ. ಅಣ್ಣತಮ್ಮಂದಿರಿಬ್ಬರೂ ಬಿದ್ದು ಬಿದ್ದು ನಕ್ಕರು.

"ಅದ್ರ ಹೆಸ್ರೇ ಸಾಕೆ ಕಣೇ," ಎಂದರು ಇವರು.

ಹಾಗಾದರೆ ನನಗೂ ಒಂದು ಗುಟುಕು ಕೊಡಿ ಎಂದೆ. ಇವರ ನಗು ನಿಂತಿತು.

"ಸಾಕು, ಒಳಗೋಗು."

ಆಮೇಲೆ ಹೋದಲ್ಲೆಲ್ಲ ಇವರಿಗೆ ಅದೇ ಕಥೆ. ನಾನು ಹೇಳಿದ ಸಾಕು ಎಲ್ಲರಿಗೂ ಗೊತ್ತಾಯಿತು, ಇವರು ಹೇಳಿದ್ದು ಯಾರಿಗೂ ತಿಳಿಯಲಿಲ್ಲ. ಎಂಬತ್ತರ ದಶಕದಲ್ಲಿ ಕುಣಿಗಲ್ಲಿನಲ್ಲಿ ನಾದಿನಿಯ ಮದುವೆ. ಊಟಕ್ಕೆ ಕೂತ ಇವರು ಮತ್ತೆ ಅದೇ ಕಥೆ ಶುರು ಮಾಡಿದರು. ನಾನು ಪಾಯಸ ಬಡಿಸುತ್ತಾ ಇವರ ಎಲೆಯ ಹತ್ತಿರ ಬರುವಷ್ಟರಲ್ಲಿ ಇಡೀ ಸಾಲು ನಗುತ್ತಿತ್ತು. ಇವರು ನಗುತ್ತಲೇ ಎಲೆಗೆ ಕೈ ಅಡ್ಡ ಹಿಡಿದು ಸಾಕು ಎಂದರು. ಆ ಕೈಯ ಮೇಲೆಯೇ ಒಂದು ಸೌಟು ಹೊಯ್ದೆ.

"ಈ ಮನೆಗೆ ಬಂದಾಗಿಂದ ನನ್ನ ಸಾಕಾ ಅಂತ ಕೇಳಿದ್ದು ಅವನೊಬ್ನೇ ಕಣ್ರೀ," ಎಂದೆ. "ಅವ್ನೂ ಕೇಳಿರ್ಲಿಲ್ಲ. ಹೆಸ್ರು ಹೇಳಿದ್ದ, ಅಷ್ಟೆ."