ಎರಡು ಚಮಚ ಶಾರ್ಡನೆ

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಹಾಸನದ ಬಾಡಿಗೆ ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಹೊಳೆನರಸೀಪುರದಲ್ಲಿ ಆಯುಸ್ಸೆಲ್ಲ ಪೂಜೆ ಮಾಡಿದ ಅಪ್ಪ, ಕೈಲಾಗದಾದ ಮೇಲೆ ನನ್ನ ಜೊತೆ ಬಂದಿದ್ದರು. ಆ ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಅವರ ಬಾಯಿರುಚಿಯನ್ನೂ ಕೊಂಡುಹೋಯಿತು. ಏನು ಬಡಿಸಿದರೂ ಎರಡು ತುತ್ತು, ಆಮೇಲೆ "ಮಣ್ಣು ತಿಂದ ಹಾಗಿದೆ ಕಣಮ್ಮ" ಎಂದು ಕೈ ತೊಳೆದುಬಿಡುವುದು.

ನಾನು ಅರಕಲಗೂಡಿನ ಕಾಲೇಜಿನಲ್ಲಿ ಪಾಠ ಮಾಡಿ, ಬಸ್ಸಿನಲ್ಲಿ ನಿಂತೇ ವಾಪಸ್ಸು ಬಂದು, ಒಬ್ಬರಿಗಾಗಿ ಮೂರು ಬಗೆಯ ಸಾರು ಮಾಡುತ್ತಿದ್ದೆ. ಮಾರನೆಯ ದಿನ ಮೂರನ್ನೂ ನಾನೇ ತಿನ್ನುತ್ತಿದ್ದೆ. ಹೀಗೇ ಆದರೆ ಅಪ್ಪ ಉಳಿಯುವುದಿಲ್ಲ ಎಂಬ ಹೆದರಿಕೆ ಒಂದು ಕಡೆ, ಇನ್ನು ನನ್ನ ಕೈಲಾಗುವುದಿಲ್ಲ ಎಂಬ ಬೇಸರ ಇನ್ನೊಂದು ಕಡೆ.

ಆಗಲೇ ಪರದೇಶದ ಒಬ್ಬ ಹೆಂಗಸಿಗೆ ಹಾಸನದ ಹತ್ತಿರದ ಮೊಸಳೆ ಎಂಬ ಊರಿನ ಹೊಯ್ಸಳರ ಗುಡಿಗಳನ್ನು ತೋರಿಸುವ ಕೆಲಸ ನನ್ನ ತಲೆಗೆ ಬಿತ್ತು. ಹೋಗುವ ಮುಂಚೆ ಆಕೆ ಒಂದು ಬಾಟಲಿ ಕೈಗಿಟ್ಟರು. ಅವರದು ಸದಾ ತಣ್ಣಗಿನ ಗಾಳಿ ಬೀಸುವ ಕಡಲತೀರದ ಊರಂತೆ. ಅಲ್ಲಿನ ಬಿಳಿ ದ್ರಾಕ್ಷಿಯ ವೈನ್, ಹೆಸರು ಶಾರ್ಡನೆ. ಓಕ್ ಮರದ ಪೀಪಾಯಿಯಲ್ಲಿ ಇಟ್ಟು ಮಾಗಿಸಿದ್ದರಿಂದ ಬೆಣ್ಣೆಯ ವಾಸನೆ, ಮರದ ವಾಸನೆ ಬರುತ್ತದೆ ಎಂದರು. ಬೇಡ ಎನ್ನಲು ನಾಲಿಗೆ ಬರಲಿಲ್ಲ.

ನಮ್ಮ ಮನೆಯಲ್ಲಿ ದ್ರಾಕ್ಷಿಯದ್ದೆಂದರೆ ಒಂದೇ, ಬಾಣಂತಿಯರಿಗೂ ನಿಶ್ಶಕ್ತಿಯವರಿಗೂ ಕೊಡುವ ದ್ರಾಕ್ಷಾರಿಷ್ಟ. ನನ್ನ ದಣಿದ ತಲೆಗೆ ಇದೂ ಅದರ ಅಕ್ಕನೋ ತಂಗಿಯೋ ಅನ್ನಿಸಿತು. ಸೌಟಿನ ಹಿಡಿಯಿಂದ ಬಿರಡೆಯನ್ನು ಒಳಕ್ಕೆ ನೂಕಿ, ಅರಿಷ್ಟದ ಲೆಕ್ಕದಲ್ಲೇ ಎರಡು ಚಮಚಕ್ಕೆ ಅಷ್ಟೇ ಬಿಸಿನೀರು ಬೆರೆಸಿ, ಊಟಕ್ಕೆ ಮುಂಚೆ ಅಪ್ಪನಿಗೆ ಕೊಟ್ಟೆ. ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿ ಒಲೆಯ ಪಕ್ಕದ ಗೂಡಿನಲ್ಲಿಟ್ಟೆ.

"ಏನಮ್ಮ ಇದು?"

"ದ್ರಾಕ್ಷಿಯದ್ದು ಅಪ್ಪ, ಬಾಯಿ ರುಚಿಗೆ. ಬೆಣ್ಣೆ ಕಾಸಿದ ವಾಸನೆ ಬರುತ್ತಂತೆ." ಅಮಲಿನ ಸುದ್ದಿ ಎತ್ತಲಿಲ್ಲ. ಆ ಪಾಪ ನನಗೇ ಇರಲಿ ಅಂದುಕೊಂಡೆ.

ಅವರು ಕಣ್ಣು ಮುಚ್ಚಿ ಕುಡಿದರು. "ಹೌದು ಕಣಮ್ಮ, ಬೆಣ್ಣೆ ಕಾಸಿದ ವಾಸನೆ" ಎಂದು, ಅವತ್ತು ತಟ್ಟೆ ಪೂರ್ತಿ ಉಂಡರು.

ಆಮೇಲೆ ದಿನಾ ಅದೇ ಮಾತು, ಅದೇ ಊಟ. ನಾನು ಮೂರು ಸಾರು ಬಿಟ್ಟು ಒಂದೇ ಸಾರು ಮಾಡತೊಡಗಿದೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ನಿದ್ದೆಯೂ ಬರುತ್ತಿತ್ತು.

ತಿಂಗಳಾಗುವ ಹೊತ್ತಿಗೆ ಬಾಟಲಿ ತಳ ಕಂಡಿತು. ಅವತ್ತು ಅಪ್ಪನಿಗೆ ಕೊಟ್ಟು, ತೊಳೆಯುವ ಮುಂಚೆ ಚಮಚವನ್ನು ಸುಮ್ಮನೆ ನಾಲಿಗೆಗೆ ತಾಗಿಸಿದೆ. ಕಿವಿಯವರೆಗೂ ಜುಮ್ಮೆಂದಿತು. ಅಪ್ಪಟ ಹುಳಿ, ಮೂಗಿಗೇರುವ ಘಾಟು. ಹಳಸಿ ಎಷ್ಟು ದಿನವಾಗಿತ್ತೋ.

ನಡುಮನೆಯಿಂದ ಅಪ್ಪನ ದನಿ ಬಂತು. "ಅದೇ ಬೆಣ್ಣೆ ವಾಸನೆ ಕಣಮ್ಮ."

ಅದು ಮೊದಲ ದಿನ ನಾನೇ ಹೇಳಿಕೊಟ್ಟ ಮಾತು. ಅವರ ಬಾಯಿಗೆ ರುಚಿ ಮರಳಿಯೇ ಇರಲಿಲ್ಲ. ನನ್ನ ಮುಖ ನೋಡಿ ಒಂದು ತಿಂಗಳು ಮಣ್ಣನ್ನೇ ಉಂಡಿದ್ದರು. ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಇನ್ನೂ ಹೆಚ್ಚು.

"ಅದು ಮುಗೀತು ಅಪ್ಪ" ಎಂದೆ.

"ಹೋಗಲಿ ಬಿಡು, ರುಚಿ ಬಂತಲ್ಲ. ಇನ್ನೊಂದು ಸೌಟು ಸಾರು ಹಾಕು."

ಹಾಕಿದೆ. ನಾನೂ ತಟ್ಟೆ ಹಾಕಿಕೊಂಡು ಒಂದು ತುತ್ತು ತಿಂದಾಗ ಗೊತ್ತಾಯಿತು, ಸಾರಿಗೆ ಉಪ್ಪೇ ಹಾಕಿರಲಿಲ್ಲ.